ಉದ್ಯಮಿಗಳೇ ಸಲಹೆಗಾರರಾಗಿರುವ ವಿಶ್ವವಿದ್ಯಾಲಯದ ಸಿಎಸ್‌ಆರ್ ಕೇಂದ್ರ: ಏಳು ವರ್ಷ ಸದಸ್ಯರಾಗಿದ್ದವರ ಅನುಭವ

ಬೆಂಗಳೂರಿನ ವಿಶ್ವವಿದ್ಯಾಲಯವೊಂದು ನಡೆಸುವ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ (ಸಿಎಸ್‌ಆರ್) ಕೇಂದ್ರಕ್ಕೆ ನಮ್ಮ ಕಂಪನಿ 2018ರ ಜೂನ್‌ನಿಂದ ಸದಸ್ಯ. ಮೆಚ್ಚುಗೆಯ ಜೊತೆಗೆ ದೂರುಗಳನ್ನೂ ಬರೆಯಬೇಕಾಗಿರುವುದರಿಂದ ಕೇಂದ್ರದ ಹೆಸರನ್ನು ಬಿಟ್ಟಿದ್ದೇನೆ. ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆ ನಮ್ಮದು. ನಾನು ಅಲ್ಲಿನ ಲೆಕ್ಕಪತ್ರ ವಿಭಾಗದವನು. ಸಿಎಸ್‌ಆರ್ ನನ್ನ ಮೇಜಿಗೆ ಬಂದದ್ದು ಸಮಾಜಸೇವೆಯ ಒಲವಿನಿಂದಲ್ಲ, 2013ರ ಕಂಪನಿ ಕಾಯ್ದೆಯ 135ನೇ ಕಲಮಿನಿಂದ. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ, ಈ ಮೂರರಲ್ಲಿ ಯಾವುದೊಂದನ್ನು ಮುಟ್ಟಿದರೂ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. 2016-17ರಲ್ಲಿ ನಮ್ಮ ಲಾಭ 5 ಕೋಟಿಯ ಗೆರೆಯನ್ನು ಕೂದಲೆಳೆಯಷ್ಟು ದಾಟಿತು. ಮರುವರ್ಷ ಸುಮಾರು 9 ಲಕ್ಷ ರೂಪಾಯಿಯನ್ನು ಎಲ್ಲಿ, ಹೇಗೆ ಖರ್ಚು ಮಾಡುವುದು ಎಂಬ ಪ್ರಶ್ನೆಗೆ ಕಾರ್ಖಾನೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಈಗಿನ ಸದಸ್ಯತ್ವ ಶುಲ್ಕ ವರ್ಷಕ್ಕೆ 60,000 ರೂಪಾಯಿ. ಜಿಎಸ್‌ಟಿ ಸೇರಿ 70,800. ಅದಕ್ಕೆ ಪ್ರತಿಯಾಗಿ ಸಿಗುವುದು ಮೂರು ತಿಂಗಳಿಗೊಮ್ಮೆ ಒಂದು ಸಲಹಾ ದಿನ, ವರ್ಷಕ್ಕೆ ಎರಡು ತರಬೇತಿ ಕಾರ್ಯಕ್ರಮ, ಕಾನೂನು ಬದಲಾದಾಗ ಒಂದು ಟಿಪ್ಪಣಿ ಮತ್ತು ಗ್ರಂಥಾಲಯದ ಬಳಕೆ. ಗ್ರಂಥಾಲಯಕ್ಕೆ ನಾನು ಎರಡು ಸಲ ಹೋಗಿದ್ದೇನೆ. ತರಬೇತಿಗಳು ಹೊಸಬರಿಗೆ ಉಪಯುಕ್ತ. ಮೂರನೆಯ ವರ್ಷದಿಂದ ಅವೇ ಸ್ಲೈಡುಗಳು ಮರಳಿ ಬರುತ್ತವೆ, ಊಟ ಮಾತ್ರ ಚೆನ್ನಾಗಿರುತ್ತದೆ. ಹಣ ಕೊಡುವುದಕ್ಕೆ ನಿಜವಾದ ಕಾರಣವೆಂದರೆ ಸಲಹಾ ದಿನ. ಕೇಂದ್ರಕ್ಕೆ ಉದ್ಯಮಿಗಳದೊಂದು ಸಲಹಾ ಮಂಡಳಿಯಿದ್ದು, ಅದರ ಸದಸ್ಯರಲ್ಲಿ ಇಬ್ಬರು ಅಥವಾ ಮೂವರು ಆ ದಿನ ಸರದಿಯಂತೆ ಬಂದು, ಪ್ರಾಧ್ಯಾಪಕರೊಬ್ಬರ ಜೊತೆ ಕುಳಿತು, ಒಂದೊಂದು ಕಂಪನಿಯ ಯೋಜನೆಯನ್ನು ಸುಮಾರು ಮುಕ್ಕಾಲು ಗಂಟೆ ಪರಿಶೀಲಿಸುತ್ತಾರೆ.

ಮೊದಲ ವರ್ಷ ನಾನು ಸುಮ್ಮನೆ ಕೇಳಿಸಿಕೊಂಡು ಬಂದೆ. 2019ರಲ್ಲಿ ಕೈಯಲ್ಲೊಂದು ಕೆಟ್ಟ ಯೋಜನೆ ಹಿಡಿದುಕೊಂಡು ಹೋದೆ. ಪಾವಗಡ ತಾಲ್ಲೂಕಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ತುಮಕೂರು ಜಿಲ್ಲೆಯಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಪ್ಪತಕ್ಕದ್ದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು, ನಾವು ಆರಿಸಿಕೊಂಡ ಹಳ್ಳಿಯ ನೀರು ಆ ಮಿತಿಯನ್ನು ಮೀರಿತ್ತು. ಆದ್ದರಿಂದ 2018ರ ಮಾರ್ಚ್ ಕೊನೆಯ ವಾರದಲ್ಲಿ, ಆರ್ಥಿಕ ವರ್ಷ ಮುಗಿಯುವ ಆತುರದಲ್ಲಿ, ಒಂದು ಶುದ್ಧ ಕುಡಿಯುವ ನೀರಿನ ಘಟಕ ನಿಲ್ಲಿಸಿ, ಟೇಪು ಕತ್ತರಿಸಿ, ಚಿತ್ರ ತೆಗೆಸಿಕೊಂಡು ಬಂದಿದ್ದೆವು. ಹನ್ನೊಂದು ತಿಂಗಳಿಗೆ ಅದು ನಿಂತುಹೋಯಿತು. ನಾನು ಸಲಹಾ ದಿನಕ್ಕೆ ಹೋದದ್ದು ಎರಡನೆಯ ಘಟಕ ಯಾವ ಹಳ್ಳಿಗೆ ಕೊಡಬೇಕೆಂದು ಕೇಳುವುದಕ್ಕೆ. ಮೊದಲನೆಯದು ನಿಂತಿರುವುದನ್ನು ಕೊನೆಯ ಸ್ಲೈಡಿನಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದ್ದೆ.

ಅಂದು ಬಂದಿದ್ದವರಲ್ಲಿ ಒಬ್ಬರು ಪಂಪು ತಯಾರಿಸುವ ಕಂಪನಿ ಕಟ್ಟಿ ಬೆಳೆಸಿ, ಮಕ್ಕಳಿಗೆ ವಹಿಸಿಕೊಟ್ಟು ನಿವೃತ್ತರಾದ ಹಿರಿಯರು. ಅವರು ಮೊದಲಿನ ಸ್ಲೈಡುಗಳನ್ನು ನೋಡಲೇ ಇಲ್ಲ. ಕೊನೆಯದರಲ್ಲಿ ನಿಂತು ಮೂರು ಪ್ರಶ್ನೆ ಕೇಳಿದರು. ಕರೆಂಟ್ ಬಿಲ್ಲು ಯಾರ ಹೆಸರಿನಲ್ಲಿದೆ? ನೀರು ಸೋಸುವ ಪೊರೆಯನ್ನು, ಅಂದರೆ ಮೆಂಬ್ರೇನ್ ಬದಲಿಸುವವರು ಯಾರು, ಆ ದುಡ್ಡು ಯಾರ ಕೈಯಲ್ಲಿದೆ? ಹೊರಗೆ ಬಿಡುವ ನೀರು ಎಲ್ಲಿಗೆ ಹೋಗುತ್ತದೆ? ಮೂರಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಬಿಲ್ಲು ಪಂಚಾಯಿತಿ ಹೆಸರಿನಲ್ಲಿತ್ತು, ಆದರೆ ಪಂಚಾಯಿತಿಗೆ ಆ ವಿಷಯ ತಿಳಿದದ್ದು ಬೆಸ್ಕಾಂ ಬಾಕಿ ಸೂಚನೆ ಬಂದಾಗ ಎಂದು ಆಮೇಲೆ ಗೊತ್ತಾಯಿತು. ಗಡಸು ನೀರಿಗೆ ಮೆಂಬ್ರೇನ್ ಕಟ್ಟಿಕೊಂಡಿತ್ತು. ಶುದ್ಧವಾಗಿ ಬರುವ ನೀರಿನಷ್ಟೇ ನೀರು ಹೊರಕ್ಕೆ ಹೋಗುತ್ತದೆ, ತೆಗೆದ ಫ್ಲೋರೈಡ್ ಎಲ್ಲವೂ ಆ ನೀರಿನಲ್ಲೇ ಸಾಂದ್ರವಾಗಿ ಉಳಿಯುತ್ತದೆ, ನಮ್ಮ ಘಟಕ ಅದನ್ನು ದನಗಳು ನೀರು ಕುಡಿಯುವ ಗುಂಡಿಯತ್ತ ಬಿಡುತ್ತಿತ್ತು. ಪೈಪು ಎಳೆದವನಿಗೂ, ಬಿಲ್ಲು ಪಾಸು ಮಾಡಿದ ನನಗೂ ಇದು ಹೊಳೆದಿರಲಿಲ್ಲ.

ಮುಂದಿನ ಮುಕ್ಕಾಲು ಗಂಟೆಯಲ್ಲಿ ಆ ಹಿರಿಯರು ಕಾಗದದ ಮೇಲೆ ಒಂದು ಲೆಕ್ಕ ಹಾಕಿಕೊಟ್ಟರು. 20 ಲೀಟರಿನ ಕ್ಯಾನಿಗೆ 5 ರೂಪಾಯಿಯಂತೆ ಬರುವ ನಾಣ್ಯದಲ್ಲಿ ಕರೆಂಟಿಗೆಷ್ಟು, ನೀರುಗಂಟಿಯ ಹೆಚ್ಚುವರಿ ಕೂಲಿಗೆಷ್ಟು, ಮೆಂಬ್ರೇನಿಗೆಂದು ಪ್ರತ್ಯೇಕ ಖಾತೆಯಲ್ಲಿ ಎಷ್ಟು ಉಳಿಸಬೇಕು ಎಂಬ ಸಾದಾ ಲೆಕ್ಕ ಅದು. ನನ್ನ ಕಸುಬೇ ಲೆಕ್ಕ. ಕಾರ್ಖಾನೆಯ ಪ್ರತಿ ಯಂತ್ರಕ್ಕೂ ಸವಕಳಿ ಹಾಕುವ ನಾನು ಹಳ್ಳಿಗೆ ಕೊಟ್ಟ ಯಂತ್ರಕ್ಕೆ ಹಾಕಿರಲಿಲ್ಲ ಎಂಬುದು ಅಲ್ಲಿ ಕುಳಿತಿದ್ದಾಗ ನಾಚಿಕೆಯಾಗುವಷ್ಟು ಸ್ಪಷ್ಟವಾಯಿತು. ಆ ವರ್ಷ ನಾವು ಎರಡನೆಯ ಘಟಕ ಹಾಕಲಿಲ್ಲ. ಮೊದಲನೆಯದನ್ನು ದುರಸ್ತಿ ಮಾಡಿಸಿ, ಪಂಚಾಯಿತಿ, ನಿರ್ವಹಣೆಯವರು ಮತ್ತು ನಾವು ಸೇರಿ ಒಪ್ಪಂದ ಬರೆದುಕೊಂಡು, ಹೊರನೀರಿಗೆ ಮುಚ್ಚಿದ ತೊಟ್ಟಿ ಕಟ್ಟಿಸಿದೆವು. ಆ ಘಟಕ ಈಗಲೂ ನಡೆಯುತ್ತಿದೆ. ನಡುವೆ ಎರಡು ಸಲ ಮೆಂಬ್ರೇನ್ ಬದಲಾಗಿದೆ, ಎರಡನೆಯ ಸಲ ನಮ್ಮ ಹಣ ಬೇಕಾಗಲಿಲ್ಲ. ಏಳು ವರ್ಷದ ಶುಲ್ಕವನ್ನು ಈ ಒಂದು ದಿನದ ಮೇಲೆಯೇ ಹಾಕಿದರೂ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ. ಇಂಥ ಪ್ರಶ್ನೆ ಪ್ರಾಧ್ಯಾಪಕರಿಂದ ಬರಲಿಲ್ಲ, ನಾವು ಹಣ ಕೊಟ್ಟು ನೇಮಿಸಿಕೊಂಡಿದ್ದ ಸಲಹೆಗಾರರಿಂದಲೂ ಬಂದಿರಲಿಲ್ಲ. ಪಂಪು ಮಾರಿ, ಮಾರಿದ ಪಂಪು ಕೆಟ್ಟಾಗ ರೈತರಿಂದ ಬೈಸಿಕೊಂಡವರಿಂದ ಬಂತು.

ಕಾನೂನಿನ ವಿಷಯದಲ್ಲಿ ಕೇಂದ್ರ ಚುರುಕಾಗಿದೆ. 2020ರ ಮಾರ್ಚ್ 23ರಂದು ಕೋವಿಡ್ ಪರಿಹಾರದ ವೆಚ್ಚ ಸಿಎಸ್‌ಆರ್ ಆಗುತ್ತದೆಂದು ಕಂಪನಿ ವ್ಯವಹಾರಗಳ ಸಚಿವಾಲಯ ಹೇಳಿದಾಗ, ನಮ್ಮ ಯಜಮಾನರು ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಆ ವರ್ಷದ ಪೂರ್ತಿ ಮೊತ್ತ ಕೊಡಲು ಹೊರಟಿದ್ದರು. ಯಾವ ವೆಚ್ಚ ಸಿಎಸ್‌ಆರ್ ಆಗುತ್ತದೆಂದು ಪಟ್ಟಿ ಮಾಡುವ ಕಂಪನಿ ಕಾಯ್ದೆಯ ಏಳನೇ ಪರಿಶಿಷ್ಟದಲ್ಲಿ ಮುಖ್ಯಮಂತ್ರಿಗಳ ನಿಧಿ ಇಲ್ಲವೆಂದೂ ಸ್ಪಷ್ಟನೆ ಬರುವವರೆಗೆ ಕಾಯಬೇಕೆಂದೂ ಕೇಂದ್ರದವರು ದೂರವಾಣಿಯಲ್ಲೇ ತಿಳಿಸಿದರು. ಏಪ್ರಿಲ್ 10ರಂದು ಸಚಿವಾಲಯವೂ ಅದನ್ನೇ ಹೇಳಿತು: ಪಿಎಂ ಕೇರ್ಸ್‌ಗೆ ಮತ್ತು ರಾಜ್ಯದ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಕೊಟ್ಟದ್ದು ಲೆಕ್ಕಕ್ಕೆ ಬರುತ್ತದೆ, ಮುಖ್ಯಮಂತ್ರಿಗಳ ನಿಧಿಗೆ ಕೊಟ್ಟದ್ದು ಬರುವುದಿಲ್ಲ. ಯಜಮಾನರು ಮುಖ್ಯಮಂತ್ರಿಗಳ ನಿಧಿಗೆ ತಮ್ಮ ಸ್ವಂತ ಹಣದಿಂದ ಕೊಟ್ಟರು. 2021ರ ಜನವರಿ 22ರಂದು ನಿಯಮಗಳು ಬದಲಾದಾಗಲೂ ಹಾಗೆಯೇ. ಮುಗಿಯದ ಬಹುವರ್ಷದ ಯೋಜನೆಯ ಉಳಿಕೆ ಹಣವನ್ನು ಆರ್ಥಿಕ ವರ್ಷ ಮುಗಿದ 30 ದಿನದೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿ ಮೂರು ವರ್ಷದಲ್ಲಿ ಖರ್ಚು ಮಾಡಬಹುದು ಎಂಬುದನ್ನು ಅವರ ಎರಡು ಪುಟದ ಟಿಪ್ಪಣಿ ಓದಿಯೇ ನಾನು ನಿರ್ದೇಶಕ ಮಂಡಳಿಗೆ ವಿವರಿಸಿದ್ದು. ಮಾರ್ಚ್ ತಿಂಗಳ ಆತುರಕ್ಕೆ ಅದಕ್ಕಿಂತ ಒಳ್ಳೆಯ ಮದ್ದು ನಮಗೆ ಸಿಕ್ಕಿರಲಿಲ್ಲ. ನಾವು ಜೊತೆ ಕೆಲಸ ಮಾಡುವ ಪಾವಗಡದ ಸಣ್ಣ ಟ್ರಸ್ಟಿಗೆ ಆದಾಯ ತೆರಿಗೆ ಕಾಯ್ದೆಯ 12ಎ, 80ಜಿ ನೋಂದಣಿ ಮಾಡಿಸಿ, ಸಿಎಸ್‌ಆರ್ ಹಣದಲ್ಲಿ ಕೆಲಸ ಮಾಡುವ ಸಂಸ್ಥೆಗಳಿಗೆ 2021ರ ಏಪ್ರಿಲ್‌ನಿಂದ ಕಡ್ಡಾಯವಾದ ಸಿಎಸ್‌ಆರ್-1 ನಮೂನೆ ತುಂಬಿಸಿಕೊಟ್ಟವರೂ ಕೇಂದ್ರದ ವಿದ್ಯಾರ್ಥಿಗಳೇ.

ಈಗ ದೂರಿನ ಮಾತು. ಸಲಹಾ ಮಂಡಳಿಯಲ್ಲಿ ಇರುವವರಲ್ಲಿ ಬಹುಪಾಲು ದೊಡ್ಡ ಕಂಪನಿಗಳ ಮುಖ್ಯಸ್ಥರು, ಅವರು ಸಲಹೆ ಕೊಡುವುದೂ ತಮ್ಮ ಗಾತ್ರಕ್ಕೆ ತಕ್ಕಂತೆ. 2021ರ ನಿಯಮದಂತೆ ಪರಿಣಾಮ ಮೌಲ್ಯಮಾಪನ, ಅಂದರೆ ಯೋಜನೆಯಿಂದ ಏನು ಬದಲಾಯಿತೆಂದು ಅಳೆಯುವುದು, ಕಡ್ಡಾಯವಾಗುವುದು ಮೂರು ವರ್ಷದ ಸರಾಸರಿಯಲ್ಲಿ 10 ಕೋಟಿ ಅಥವಾ ಅದಕ್ಕಿಂತ ಹೆಚ್ಚಿನ ಸಿಎಸ್‌ಆರ್ ಬಾಧ್ಯತೆಯಿರುವ ಕಂಪನಿಗಳಿಗೆ, ಅದೂ ಒಂದು ಕೋಟಿ ಅಥವಾ ಅದಕ್ಕೂ ಮೀರಿದ ವೆಚ್ಚದ ಯೋಜನೆಗಳಿಗೆ. ನಮ್ಮ ವರ್ಷದ ಬಾಧ್ಯತೆ ಈಗ 20 ಲಕ್ಷದ ಆಸುಪಾಸು. ಬಾಧ್ಯತೆ 50 ಲಕ್ಷ ಮೀರದವರಿಗೆ ಸಿಎಸ್‌ಆರ್ ಸಮಿತಿಯೂ ಬೇಕಿಲ್ಲವೆಂದು ಕಾಯ್ದೆಯೇ ಹೇಳುತ್ತದೆ. ಹೀಗಿದ್ದರೂ 2022ರಿಂದ ಪ್ರತಿ ಸಲಹಾ ದಿನದಲ್ಲೂ ಮೌಲ್ಯಮಾಪನ ಸೇವೆಯನ್ನು ಪ್ರತ್ಯೇಕ ಶುಲ್ಕಕ್ಕೆ ಕೊಳ್ಳುವಂತೆ ನಮಗೆ ಹೇಳಲಾಗುತ್ತಿದೆ. ಒಮ್ಮೆ ಬೆಲೆಪಟ್ಟಿ ಕೇಳಿದೆ. ಅದು ಒಂದು ನೀರಿನ ಘಟಕದ ಬೆಲೆಯ ಹತ್ತಿರವಿತ್ತು. ಆಡಳಿತ ವೆಚ್ಚಕ್ಕೆ ಒಟ್ಟು ಸಿಎಸ್‌ಆರ್ ವೆಚ್ಚದ ಶೇ. 5ರ ಮಿತಿಯಿದೆ, ಅಂದರೆ ನಮಗೆ ಒಂದು ಲಕ್ಷ. ಸದಸ್ಯತ್ವ ಶುಲ್ಕವನ್ನು ನಾವು ಅದರಡಿ ತೋರಿಸುವುದರಿಂದ ಉಳಿಯುವುದು ಮೂವತ್ತು ಸಾವಿರಕ್ಕೂ ಕಡಿಮೆ. ಪಾವಗಡಕ್ಕೆ ಹೋಗಿಬರುವ ಖರ್ಚನ್ನು ಕಂಪನಿ ತನ್ನ ಕೈಯಿಂದಲೇ ಹಾಕುತ್ತದೆ. ಸಣ್ಣ ಕಂಪನಿಗಳಿಗೆ ಬೇರೆ ದರ ಇರಬೇಕೆಂದು ಮೂರು ಸಲ ಬರೆದಿದ್ದೇನೆ. ಮೂರು ಸಲವೂ ವಿನಯದ ಉತ್ತರ ಬಂದಿದೆ, ದರ ಬದಲಾಗಿಲ್ಲ.

ಇನ್ನೊಂದು ಸಂಗತಿ ಹಣಕ್ಕಿಂತ ಸೂಕ್ಷ್ಮವಾದದ್ದು. ಮಂಡಳಿಯ ಸದಸ್ಯರೊಬ್ಬರ ಕಂಪನಿ ಕೇಂದ್ರದ ದೊಡ್ಡ ದಾನಿಯೂ ಹೌದು. ಕೇಂದ್ರ ಹೊರತಂದ ಒಂದು ಅಧ್ಯಯನದಲ್ಲಿ ಆ ಕಂಪನಿಯ ಶಾಲಾ ಯೋಜನೆಯನ್ನು ಮಾದರಿಯೆಂದು ಹನ್ನೆರಡು ಪುಟ ವಿವರಿಸಲಾಗಿತ್ತು. ಯೋಜನೆ ಚೆನ್ನಾಗಿಯೇ ಇತ್ತು. ಆದರೆ ಅದೇ ಕಂಪನಿಯ ಘಟಕದಿಂದ ಬರುವ ಕೊಳೆನೀರಿನ ಬಗ್ಗೆ ಅಕ್ಕಪಕ್ಕದ ಊರಿನವರು ದೂರು ಕೊಟ್ಟಿದ್ದು ಅಧ್ಯಯನದಲ್ಲಿ ಒಂದು ಸಾಲಾಗಿಯೂ ಇರಲಿಲ್ಲ. ಹೊಣೆಗಾರಿಕೆಯನ್ನು ಅಳೆಯಬೇಕಾದ ಕೋಲು ಅಳೆಸಿಕೊಳ್ಳಬೇಕಾದವರ ಕೈಯಲ್ಲೇ ಇದ್ದರೆ ಹೀಗಾಗುವುದು ಸಹಜ. ಬ್ರಿಟನ್ನಿನ ನಾಟಿಂಗ್‌ಹ್ಯಾಂ ವಿಶ್ವವಿದ್ಯಾಲಯ 2000ದ ಡಿಸೆಂಬರಿನಲ್ಲಿ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಎಂಬ ಸಿಗರೇಟು ಕಂಪನಿಯಿಂದ 38 ಲಕ್ಷ ಪೌಂಡ್ ಪಡೆದು ಇಂಥದೇ ಕೇಂದ್ರ ತೆರೆಯಲು ಒಪ್ಪಿದಾಗ, ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಸಂಪಾದಕ ರಿಚರ್ಡ್ ಸ್ಮಿತ್ ಆ ವಿಶ್ವವಿದ್ಯಾಲಯದಲ್ಲಿ ತಮಗಿದ್ದ ಪ್ರಾಧ್ಯಾಪಕ ಸ್ಥಾನವನ್ನೇ ಬಿಟ್ಟುಕೊಟ್ಟರು. ನಮ್ಮ ಕೇಂದ್ರದ ವಿಷಯ ಅಷ್ಟು ದೊಡ್ಡದಲ್ಲ, ಯಾರೂ ರಾಜೀನಾಮೆ ಕೊಡಲಿಲ್ಲ. ಸದಸ್ಯರ ಸಭೆಯಲ್ಲಿ ಇಬ್ಬರು ಪ್ರಶ್ನೆ ಎತ್ತಿದ ಮೇಲೆ, ಮಂಡಳಿಯವರು ತಮ್ಮ ಕಂಪನಿಯ ವಿಷಯ ಬಂದಾಗ ಎದ್ದು ಹೊರಗೆ ಹೋಗಬೇಕು ಮತ್ತು ದಾನದ ಮೊತ್ತವನ್ನು ವಾರ್ಷಿಕ ವರದಿಯಲ್ಲಿ ಪ್ರಕಟಿಸಬೇಕು ಎಂಬ ನಿಯಮ ಬಂತು. 2023ರಿಂದ ವರದಿಯಲ್ಲಿ ಆ ಪುಟ ಇದೆ. ತಪ್ಪನ್ನು ಒಪ್ಪಿಕೊಂಡು ತಿದ್ದಿಕೊಂಡದ್ದಕ್ಕೆ ಕೇಂದ್ರಕ್ಕೆ ಅಂಕ ಕೊಡಲೇಬೇಕು, ಹಳೆಯ ಅಧ್ಯಯನ ಮಾತ್ರ ಹಾಗೆಯೇ ಉಳಿದಿದೆ.

ಮಂಡಳಿಯಲ್ಲಿ ಉದ್ಯಮಿಗಳು ಇರಬಾರದು ಎಂದು ಇದನ್ನೆಲ್ಲ ನೋಡಿದವರು ಹೇಳಬಹುದು, ನಾನು ಒಪ್ಪುವುದಿಲ್ಲ. ಮೆಂಬ್ರೇನ್ ಯಾರು ಬದಲಿಸುತ್ತಾರೆ ಎಂದು ಕೇಳಿದವರು ಉದ್ಯಮಿಯೇ. ನಾನು ಹೇಳುವುದು ಎಂಥ ಉದ್ಯಮಿ ಎಂಬುದರ ಬಗ್ಗೆ. ಸಲಹಾ ದಿನಕ್ಕೆ ಬಂದವರಲ್ಲಿ ಸರಕು ತಯಾರಿಸಿ, ಮಾರಿ, ದುರಸ್ತಿ ಮಾಡಿಕೊಟ್ಟು ಬಂದವರ ಮಾತು ನನಗೆ ಕೆಲಸಕ್ಕೆ ಬಂದಿದೆ. ದೊಡ್ಡ ಹುದ್ದೆಯಿಂದ ನೇರವಾಗಿ ಬಂದವರು ಹೆಚ್ಚಾಗಿ ಯೋಜನೆಯನ್ನು ಹತ್ತು ಜಿಲ್ಲೆಗೆ ಹಿಗ್ಗಿಸುವುದು ಹೇಗೆ ಎಂದೇ ಕೇಳಿದ್ದಾರೆ. ಒಂದೇ ಹಳ್ಳಿಯಲ್ಲಿ ಒಂದು ಘಟಕ ಐದು ವರ್ಷ ನಡೆಯುವುದು ಅವರಿಗೆ ಸಾಧನೆಯಾಗಿ ಕಾಣುವುದಿಲ್ಲ. ಇನ್ನು, ಪಡೆಯುವ ಕಡೆಯವರು ಮಂಡಳಿಯಲ್ಲಿ ಒಬ್ಬರೂ ಇಲ್ಲ. ನಮ್ಮ ಹಳ್ಳಿಯ ಪಿಡಿಒ ಅವರನ್ನು ಒಂದು ಸಲಹಾ ದಿನಕ್ಕೆ ಅತಿಥಿಯಾಗಿ ಕರೆದುಕೊಂಡು ಹೋಗಿದ್ದೆ. ನಾಲ್ಕು ಕಂಪನಿಗಳು ಒಂದೇ ಶಾಲೆಗೆ ಮೇಜು ಕುರ್ಚಿ ಕೊಟ್ಟು, ಪಕ್ಕದ ಶಾಲೆಯ ಶೌಚಾಲಯಕ್ಕೆ ನೀರಿನ ಟ್ಯಾಂಕ್ ಕೊಡುವವರಿಲ್ಲದ ಕತೆಯನ್ನು ಅವರು ಹತ್ತು ನಿಮಿಷ ಹೇಳಿದರು. ಏಳು ವರ್ಷದಲ್ಲಿ ಆ ಕೋಣೆಯಲ್ಲಿ ಎಲ್ಲರೂ ಪೆನ್ನು ಹಿಡಿದು ಬರೆದುಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಪಂಪಿನ ಹಿರಿಯರು ವಯಸ್ಸಿನ ಕಾರಣ ಹೇಳಿ ಕಳೆದ ವರ್ಷ ಮಂಡಳಿಯನ್ನು ಬಿಟ್ಟರು. ಅವರ ಜಾಗಕ್ಕೆ ಬಂದವರು ಹಣಕಾಸು ಕ್ಷೇತ್ರದವರು, ಒಳ್ಳೆಯವರು. ಮೊದಲ ಭೇಟಿಯಲ್ಲಿ ಅವರು ಕೇಳಿದ್ದು ನಮ್ಮ ಕೆಲಸದ ಚಿತ್ರಗಳನ್ನು. ಹೊಸದಾಗಿ ಸೇರಬೇಕೆಂದಿರುವವರು ಕೇಂದ್ರದ ಕಟ್ಟಡ, ಕೈಪಿಡಿ ನೋಡುವ ಬದಲು, ಮುಂದಿನ ನಾಲ್ಕು ಸಲಹಾ ದಿನಗಳಿಗೆ ಯಾರು ಬರುತ್ತಾರೆ ಎಂಬ ಪಟ್ಟಿಯನ್ನು ಮೊದಲು ಕೇಳಿ ಪಡೆಯಬೇಕು. ಹಿಂದೆ ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿ ರಿಯಾಯಿತಿ ಪಡೆಯುತ್ತಿದ್ದ ನಾವು ಈ ಸಲ ಒಂದೇ ವರ್ಷಕ್ಕೆ ನವೀಕರಿಸಿದ್ದೇವೆ. ಮಂಡಳಿಯಲ್ಲಿ ಗ್ರಾಮ ಪಂಚಾಯಿತಿಯವರಿಗೆ ಒಂದು ಸ್ಥಾನ ಕೊಡಬೇಕೆಂಬ ಕೋರಿಕೆಯನ್ನು ಚೆಕ್ಕಿನ ಜೊತೆಗೇ ಕಳುಹಿಸಿದ್ದೇವೆ.