ಶೆಲ್‌ಚೆಕ್ ಬಳಸಿ ನೋಡ್ದೆ: ತೋಟದ ತೂಕದ ಸ್ಕ್ರಿಪ್ಟಲ್ಲಿ ಏನು ಹಿಡೀತು, ಏನು ಬಿಡ್ತು

ನಮ್ದು ಸಿದ್ದಾಪುರ ಕಡೆ ರೊಬಸ್ಟಾ ಕಾಫಿ ತೋಟ. ಜನವರೀಲಿ ಕುಯ್ಲು ಶುರು ಆದ್ರೆ ದಿನಾ ಸಂಜೆ ಕಣದ ಹತ್ರ ತೂಕ, ಯಾರು ಎಷ್ಟು ಕೆಜಿ ಹಣ್ಣು ಕುಯ್ದ್ರು ಅಂತ ರೈಟ್ರು ಬುಕ್ಕಲ್ಲಿ ಬರೀತಾರೆ, ರಾತ್ರಿ ಕೂತು ಲೆಕ್ಕ ಹಾಕೋದು ನಾನು. ಈ ಸಲ ಮನೇಲಿದ್ದ ಹಳೇ ಉಬುಂಟು ಲ್ಯಾಪ್‌ಟಾಪಲ್ಲಿ ಒಂದು ಚಿಕ್ಕ ಬ್ಯಾಶ್ ಸ್ಕ್ರಿಪ್ಟ್ (ಕಂಪ್ಯೂಟರ್ ಸಾಲುಸಾಲಾಗಿ ಓಡಿಸೋ ಆಜ್ಞೆಗಳ ಫೈಲ್) ಬರ್ದೆ. ಫೈಲಿಂದ ಒಂದೊಂದೇ ಹೆಸ್ರು ತಗೊಂಡು, ತೂಕ ಎಷ್ಟು ಅಂತ ನನ್ನ ಕೇಳಿ, ರೇಟಿಂದ ಗುಣಿಸಿ ಅವರವರ ಕೂಲಿ ತೋರಿಸಿ, ಕೊನೇಲಿ ಟೋಟಲ್ ಕೊಡ್ಬೇಕು, ಅಷ್ಟೇ.

ಮೊದಲ್ನೇ ರಾತ್ರಿ ಎಂಟರ್ ಒತ್ತಿದ್ರೆ ತೂಕಾನೇ ಕೇಳ್ಲಿಲ್ಲ. ಲಿಸ್ಟಲ್ಲಿ 24 ಜನ, ಪರದೆ ಮೇಲೆ ಬಂದಿದ್ದು 12 ಸಾಲು, ಎಲ್ಲರ ಕೂಲಿ 0, ಟೋಟಲ್ಲೂ 0. ಎರಡು ಗಂಟೆ ತಲೆ ಕೆಡಿಸ್ಕೊಂಡೆ. ಮೈಸೂರಲ್ಲಿರೋ ಅತ್ತೆ ಮಗ ಫೋನಲ್ಲಿ, ಭಾವ ಮೊದ್ಲು ಅದನ್ನ ಶೆಲ್‌ಚೆಕ್‌ಗೆ ಕೊಟ್ಟು ನೋಡಿ ಅಂದ.

ಇದು ಶೆಲ್ ಸ್ಕ್ರಿಪ್ಟನ್ನ ಓಡಿಸ್ದೇನೇ ಓದಿ, ಎಲ್ಲೆಲ್ಲಿ ಎಡವಬಹುದು ಅಂತ ಸಾಲು ನಂಬರ್ ಸಮೇತ ತೋರಿಸೋ ಸಾಫ್ಟ್‌ವೇರ್. ವಿದಾರ್ ಹೋಲೆನ್ ಅನ್ನೋರು ಹ್ಯಾಸ್ಕೆಲ್ ಭಾಷೇಲಿ ಬರ್ದಿದ್ದು, ದುಡ್ಡು ಕೊಡೋದೇನಿಲ್ಲ. ಉಬುಂಟುಲಿ ಆಪ್ಟ್ ಇನ್‌ಸ್ಟಾಲ್ ಶೆಲ್‌ಚೆಕ್ ಅಂದ್ರೆ ಬರುತ್ತೆ, ವೆಬ್‌ಸೈಟಲ್ಲಿ ಪೇಸ್ಟ್ ಮಾಡಿನೂ ನೋಡ್ಬಹುದು. ಒಂದ್ಸಲ ಹಾಕ್ಕೊಂಡ್ರೆ ನೆಟ್ ಬೇಡ, ತೋಟದೊಳಗೆ ಸಿಗ್ನಲ್ ಹುಡುಕೋ ನಮ್ಮಂಥೋರಿಗೆ ಇದು ದೊಡ್ಡ ವಿಷ್ಯ.

ಕೊಟ್ಟ ತಕ್ಷಣ 2031 ನಂಬರಿನ ಎಚ್ಚರಿಕೆ ಬಂತು. ನಾನು ಹೆಸ್ರುಗಳ ಫೈಲನ್ನ ಕ್ಯಾಟ್ (ಫೈಲಲ್ಲಿರೋದನ್ನ ಹೊರಗೆ ಹಾಕೋ ಆಜ್ಞೆ) ಮಾಡಿ, ಪೈಪ್ (ಒಂದರ ಔಟ್‌ಪುಟನ್ನ ಇನ್ನೊಂದಕ್ಕೆ ದಾಟಿಸೋ ಗೆರೆ) ಹಾಕಿ ವೈಲ್ ಲೂಪಿಗೆ (ಒಂದೊಂದು ಸಾಲಿಗೂ ಅದೇ ಕೆಲ್ಸ ಮತ್ತೆ ಮಾಡೋ ಭಾಗ) ಕೊಟ್ಟಿದ್ದೆ, ಪೈಪಿನ ಆ ಕಡೆ ಇರೋ ಲೂಪು ಬೇರೇ ಸಬ್‌ಶೆಲ್ಲಲ್ಲಿ, ಅಂದ್ರೆ ಬ್ಯಾಶಿನ ಇನ್ನೊಂದು ನಕಲಲ್ಲಿ, ಓಡುತ್ತಂತೆ, ಅಲ್ಲಿ ಎಷ್ಟೇ ಕೂಡಿದ್ರೂ ಲೂಪ್ ಮುಗಿದ್ಮೇಲೆ ಹೊರಗಿನ ಟೋಟಲ್ ಹಾಗೇ 0. ಪೈಪ್ ತೆಗ್ದು ಲೂಪ್ ಮುಗಿಸೋ ಡನ್ ಅನ್ನೋ ಪದ ಆದ್ಮೇಲೆ ಫೈಲ್ ಕೊಟ್ಟೆ. ಇನ್ನೊಂದು 2162, ರೀಡ್‌ಗೆ (ಒಂದು ಸಾಲು ಓದ್ಕೊಳ್ಳೋ ಆಜ್ಞೆ) ಮೈನಸ್ ಆರ್ ಹಾಕಿಲ್ಲ ಅಂತ, ಹಾಕ್ದಿದ್ರೆ ಟೈಪ್ ಮಾಡಿದ್ರಲ್ಲಿ ಬ್ಯಾಕ್‌ಸ್ಲ್ಯಾಶ್ ಇದ್ರೆ ಅದನ್ನ ನುಂಗಿಬಿಡುತ್ತೆ. ಅದೂ ಸರಿ ಮಾಡ್ದೆ.

ಆದ್ರೆ ತೂಕ ಯಾಕೆ ಕೇಳ್ತಿಲ್ಲ ಅನ್ನೋದಕ್ಕೆ ಅದು ಏನೂ ಹೇಳ್ಲಿಲ್ಲ. ಆಮೇಲೆ ಗೊತ್ತಾಯ್ತು, ಲೂಪಿನ ಒಳಗಿರೋ ರೀಡ್ ಕೂಡ ಕೀಬೋರ್ಡ್ ಬಿಟ್ಟು ಹೆಸ್ರುಗಳಿದ್ದ ಅದೇ ಫೈಲಿಂದನೇ ಓದ್ತಿತ್ತು! ಒಬ್ಬರ ಹೆಸ್ರು ಹೆಸ್ರಾಗಿ, ಮುಂದಿನೋರ ಹೆಸ್ರು ತೂಕವಾಗಿ ಹೋಗ್ತಿತ್ತು, ಅದಕ್ಕೇ 24 ಜನ 12 ಆಗಿದ್ದು, ಕೂಲಿ 0 ಬಂದಿದ್ದು. ಇನ್‌ಪುಟ್ ಟರ್ಮಿನಲ್ಲಿಂದ (ಕೀಬೋರ್ಡಿಂದ) ಬರದೇ ಇದ್ರೆ, ರೀಡ್‌ಗೆ ಮೈನಸ್ ಪಿ ಹಾಕಿ ಕೊಟ್ಟ ಪ್ರಶ್ನೇನೂ ಕಾಣಲ್ಲ, ಹಾಗಾಗಿ ಸುಳಿವೇ ಸಿಗಲ್ಲ. ಒಳಗಿನ ರೀಡ್‌ಗೆ ಡೆವ್ ಟಿಟಿವೈ, ಅಂದ್ರೆ ನೇರ ಟರ್ಮಿನಲ್ಲಿಂದ ಓದು ಅಂತ ಹೇಳ್ದೆ, ಸರಿ ಹೋಯ್ತು.

ಇದಕ್ಕಿಂತ ಮನಸ್ಸಿಗೆ ನೋವಾಗಿದ್ದು ಇನ್ನೊಂದು. ರೈಟ್ರು ಬುಕ್ಕಲ್ಲಿ 62 ಅನ್ನೋದನ್ನ 062 ಅಂತ ಬರೀತಾರೆ, ಮುಂದೆ ಯಾರೂ ಅಂಕಿ ಸೇರಿಸ್ಬಾರ್ದು ಅಂತ, ನಾನೂ ಹಾಗೇ ಟೈಪ್ ಮಾಡ್ತಿದ್ದೆ. ಒಂದಿನ 058 ಹೊಡೆದಾಗ ಎರರ್ ಬಂದು ಲೂಪ್ ನಿಂತ್ಹೋಯ್ತು, 58 ಅಂತ ಹೊಡೆದ್ರೆ ನಡೀತು, ಕೈತಪ್ಪು ಅಂದ್ಕೊಂಡು ಸುಮ್ನಾದೆ. ವಾರದ ಕೊನೇಲಿ ಒಬ್ಬ ಅಕ್ಕ ಬಂದು, ನಂದು ಬುಕ್ಕಲ್ಲಿ 62 ಇದೆ, ದುಡ್ಡು 50 ಕೆಜಿಗೆ ಬಂದಿದೆಯಲ್ಲ ಅಂದ್ರು. ಬ್ಯಾಶ್ ಲೆಕ್ಕದಲ್ಲಿ ಸೊನ್ನೆಯಿಂದ ಶುರುವಾಗೋ ಅಂಕಿ ಅಂದ್ರೆ ಆಕ್ಟಲ್, ಎಂಟರ ಲೆಕ್ಕ. 062 ಅಂದ್ರೆ 50, 045 ಅಂದ್ರೆ 37, 010 ಅಂದ್ರೆ 8. ಆ ಲೆಕ್ಕದಲ್ಲಿ 8, 9 ಅನ್ನೋ ಅಂಕಿನೇ ಇಲ್ಲ, ಅದಕ್ಕೇ 058ಕ್ಕೆ ಮಾತ್ರ ಕೂಗಾಡಿದ್ದು, ಉಳಿದಿದ್ದೆಲ್ಲ ಸದ್ದಿಲ್ದೆ ಕಮ್ಮಿ ಆಗ್ತಿತ್ತು. ಬಿಸಿಲಲ್ಲಿ ನಿಂತು ಕುಯ್ದ 12 ಕೆಜಿ ಅದು.

ಶೆಲ್‌ಚೆಕ್ ಇದನ್ನ ಹೇಳ್ಲಿಲ್ಲ ಅಂತ ಮೊದ್ಲು ಸಿಟ್ಟು ಬಂತು. ಆದ್ರೆ ಅದು ಓದೋದು ಸ್ಕ್ರಿಪ್ಟನ್ನ, ನಾನು ರಾತ್ರಿ ಏನು ಟೈಪ್ ಮಾಡ್ತೀನಿ ಅಂತ ಅದಕ್ಕೆ ಹೆಂಗೆ ಗೊತ್ತಾಗ್ಬೇಕು? ಅಲ್ಲಿಗೆ ಬೇಕಿರೋದು ರೀಡ್ ಆದ ಮುಂದಿನ ಸಾಲಲ್ಲೇ ಡಿಕ್ಲೇರ್ ಮೈನಸ್ ಪಿ ಅನ್ನೋ ಆಜ್ಞೆ, ಅದು ವೇರಿಯಬಲ್ (ಟೈಪ್ ಮಾಡಿದ್ದನ್ನ ಇಟ್ಕೊಳ್ಳೋ ಹೆಸ್ರು) ಒಳಗೆ ನಿಜವಾಗಿ ಏನು ಕೂತಿದೆ ಅಂತ ಕೋಟ್ ಹಾಕಿ ತೋರಿಸುತ್ತೆ. ಆ 062 ನನಗೆ ಕಂಡಿದ್ದು ಹಾಗೇ. ಈಗ ಬರೀ ಅಂಕಿ ಇದ್ರೆ ಮಾತ್ರ ಒಳಗೆ ಬಿಡ್ತೀನಿ, ಕೂಡುವಾಗ ಮುಂದೆ 10 ಹ್ಯಾಶ್ ಹಾಕಿ ಹತ್ತರ ಲೆಕ್ಕ ಅಂತ ಹೇಳ್ತೀನಿ.

ನಾನು 5ಕ್ಕೆ 4 ಕೊಡ್ತೀನಿ. ಒಂದು ಕಳೆದಿದ್ದು ಎಚ್ಚರಿಕೆ ಎಲ್ಲ ಇಂಗ್ಲಿಷಲ್ಲಿದೆ, ತುಂಬಾ ಚುಟುಕು, ಪೂರ್ತಿ ವಿವರಣೆ ಬೇಕಂದ್ರೆ ಆ ನಂಬರ್ ಹಿಡ್ಕೊಂಡು ವಿಕಿಗೆ ಹೋಗ್ಬೇಕು, ಆಗ ಮತ್ತೆ ನೆಟ್ ಬೇಕು. ಬ್ಯಾಶ್ ಬರೆಯೋರು ಯಾರೇ ಆದ್ರೂ ಮೊದ್ಲು ಇದನ್ನ ಹಾಕ್ಕೊಳ್ಳಿ.

ಬುಕ್ ಇಟ್ಕೊಂಡು ಆ ವಾರದ್ದೆಲ್ಲ ಮತ್ತೆ ಕೂಡಿದೆ, ಸಂತೆ ದಿನ ಬರೋ ಮುಂಚೆ ಎಲ್ಲರಿಗೂ ಬಾಕಿ ದುಡ್ಡು ಕೊಟ್ಟಾಯ್ತು.