ಕೋರ್ಸೇರ್ ಸಿಎಕ್ಸ್450: ಕುಮಟಾದ ಉಪ್ಪುಗಾಳಿಯಲ್ಲಿ ಒಂದು ಎಸ್‌ಎಂಪಿಎಸ್

ಡಿಟಿಪಿ, ಆಲ್ಬಂ ಕೆಲಸ ಮಾಡುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಈ ಎಸ್‌ಎಂಪಿಎಸ್ (ಕಂಪ್ಯೂಟರ್ ಒಳಗಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಡಬ್ಬಿ) ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ಎಲ್ಲರಿಗೂ ಇದು ಬೇಕು ಅಂತೇನಿಲ್ಲ.

ನನ್ನದು ಕುಮಟಾದಲ್ಲಿ ಸಣ್ಣ ಅಂಗಡಿ. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ಫೋಟೋ ಆಲ್ಬಂ. ಕಂಪ್ಯೂಟರಿನ ಪ್ರೊಸೆಸರ್ ಐ5-10400, ಜೊತೆಗೆ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್. ಆಲ್ಬಂ ಎಕ್ಸ್‌ಪೋರ್ಟ್‌ಗೆ ಹಾಕಿದರೆ ಸಾಕು, ಅರ್ಧಕ್ಕೇ ರೀಸ್ಟಾರ್ಟ್. ಕರೆಂಟ್ ಕಣ್ಣು ಮಿಟುಕಿಸಿದರೂ ರೀಸ್ಟಾರ್ಟ್. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಎಷ್ಟು ಸಲ ಕಣ್ಣು ಮಿಟುಕಿಸುತ್ತದೆ ಅಂತ ಕರಾವಳಿಯವರಿಗೆ ಹೇಳಬೇಕಾ?

ಒಂದು ಅಂಗಡಿಯವರು ಯುಪಿಎಸ್ ಹೋಗಿದೆ, ಹೊಸದು ತಗೊಳ್ಳಿ ಅಂದರು. ಅದೇ ಯುಪಿಎಸ್‌ಗೆ ಟೇಬಲ್ ಲ್ಯಾಂಪ್ ಚುಚ್ಚಿ, ಗೋಡೆಯ ಸ್ವಿಚ್ ಆಫ್ ಮಾಡಿದರೆ ಲ್ಯಾಂಪ್ ಆರಾಮಾಗಿ ಉರಿಯುತ್ತಿತ್ತು. ಕಂಪ್ಯೂಟರ್ ಮಾತ್ರ ಬೀಳುತ್ತಿತ್ತು. ಕೊನೆಗೆ ನಮ್ಮಲ್ಲಿಗೆ ರಿಪೇರಿಗೆ ಬರುವ ಹುಡುಗ ಕ್ಯಾಬಿನೆಟ್ ಬಿಚ್ಚಿ, ಹಳೆ ಎಸ್‌ಎಂಪಿಎಸ್ ಪಕ್ಕದ ಸ್ಟಿಕ್ಕರ್ ಮೇಲೆ ಬೆರಳಿಟ್ಟ. "ಅಕ್ಕಾ, ದೊಡ್ಡಕ್ಷರ ಓದ್ಬೇಡಿ, ಸಣ್ಣಕ್ಷರ ಓದಿ."

ದೊಡ್ಡಕ್ಷರದಲ್ಲಿ 450 ವ್ಯಾಟ್. ಸಣ್ಣಕ್ಷರದಲ್ಲಿ 12 ವೋಲ್ಟ್ ಲೈನಿಗೆ ಬರೀ 14 ಆಂಪಿಯರ್. ಗುಣಿಸಿದರೆ 168 ವ್ಯಾಟ್. ಈಗಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ ಉಣ್ಣುವುದು ಈ 12 ವೋಲ್ಟ್ ಲೈನಿನಿಂದಲೇ. ನನ್ನ ಪ್ರೊಸೆಸರ್ ಮೇಲೆ 65 ವ್ಯಾಟ್ ಅಂತ ಇದ್ದರೂ, ಜೋರು ಕೆಲಸ ಬಂದಾಗ ಸ್ವಲ್ಪ ಹೊತ್ತು 134ರವರೆಗೆ ಎಳೆಯಬಹುದು. ಕಾರ್ಡಿನದು 75. ಅಲ್ಲಿಗೇ 209 ಆಯ್ತು. ಇನ್ನು ಹಾರ್ಡ್‌ಡಿಸ್ಕ್, ಫ್ಯಾನ್ ಲೆಕ್ಕಕ್ಕೇ ಬಂದಿಲ್ಲ. ಹೊಸತಿದ್ದಾಗ ಅದು ಹೇಗೆ ಓಡಿತೋ ದೇವರೇ ಬಲ್ಲ.

ಕರೆಂಟ್ ಹೋದಾಗ ಬೀಳುವುದಕ್ಕೆ ಕಾರಣ ಬೇರೆ. ಯುಪಿಎಸ್ ಬ್ಯಾಟರಿಗೆ ಬದಲಾಗಲು ಕೆಲವು ಮಿಲಿಸೆಕೆಂಡ್ ಬೇಕು. ಅಷ್ಟು ಹೊತ್ತು ಎಸ್‌ಎಂಪಿಎಸ್ ತನ್ನೊಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಉಳಿದ ಕರೆಂಟಿನಲ್ಲಿ ದಮ್ಮು ಹಿಡಿಯಬೇಕು. ಒಳ್ಳೆಯದು ಸುಮಾರು 16 ಮಿಲಿಸೆಕೆಂಡ್ ಹಿಡಿಯುತ್ತದೆ. ಕೆಪಾಸಿಟರ್ ಒಣಗಿದ ಎಸ್‌ಎಂಪಿಎಸ್‌ಗೆ ಅಷ್ಟು ದಮ್ಮು ಇರೋದಿಲ್ಲ. ನಮ್ಮದರ ಜಾಲರಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಕೆಪಾಸಿಟರ್ ತಲೆ ಉಬ್ಬಿತ್ತು. ಪಕ್ಕದಲ್ಲೇ ಒಂದು ಹಲ್ಲಿ ಹಪ್ಪಳವಾಗಿ ಅಂಟಿಕೊಂಡಿತ್ತು. ಪಾಪ, ಬೆಚ್ಚಗಿದೆ ಅಂತ ಹೋಗಿರಬೇಕು. ಮನೆಯಲ್ಲಿ ಸುಮ್ನೆ ಡಬ್ಬಿ ಬಿಚ್ಚಲು ಹೋಗಬೇಡಿ. ಒಳಗೆ 300 ವೋಲ್ಟ್‌ಗೂ ಜಾಸ್ತಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ.

ಹೊಸ ಸಿಎಕ್ಸ್450ಗೆ ನಾಲ್ಕು ಸಾವಿರಕ್ಕೆ ಸ್ವಲ್ಪ ಕಡಿಮೆ ಬಿತ್ತು. ಹುಬ್ಬಳ್ಳಿಯಿಂದ ತರಿಸಿದ್ದು. ಇದರ ಸ್ಟಿಕ್ಕರ್‌ನಲ್ಲಿ 12 ವೋಲ್ಟ್‌ಗೆ 37.4 ಆಂಪಿಯರ್, ಅಂದರೆ ಹೆಚ್ಚುಕಮ್ಮಿ ಹೇಳಿದ 450 ವ್ಯಾಟ್ ಪೂರ್ತಿ ಆ ಒಂದೇ ಲೈನಿನಲ್ಲಿ ಸಿಗುತ್ತದೆ. ಕೈಗೆತ್ತಿಕೊಂಡರೇ ತೂಕದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಹಾಕುವುದು ದೊಡ್ಡ ವಿದ್ಯೆ ಅಲ್ಲ: ಹಿಂದೆ ನಾಲ್ಕು ಸ್ಕ್ರೂ, ಮದರ್‌ಬೋರ್ಡಿಗೆ 24 ಪಿನ್, ಪ್ರೊಸೆಸರ್ ಹತ್ತಿರ 8 ಪಿನ್, ಡಿಸ್ಕಿಗೆ ಸಾಟಾ ಅನ್ನುವ ಕೊಂಡಿ. ಕಷ್ಟ ಆಗಿದ್ದು ಹಳೆಯದನ್ನು ಕೀಳುವುದು. ಸ್ಕ್ರೂಗಳಿಗೆ ತುಕ್ಕು, 24 ಪಿನ್ನಿನ ಕೊಂಡಿ ಅಲ್ಲಾಡುತ್ತಲೇ ಇರಲಿಲ್ಲ. ಹುಡುಗ ಒಂದು ಕೈಯಲ್ಲಿ ಬೋರ್ಡ್ ಹಿಡಿದು, ಕೊಂಡಿಯ ಕ್ಲಿಪ್ ಒತ್ತಿ, ಆಚೆ ಈಚೆ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸಿ ಬಿಡಿಸಿದ. ಒಂದೇ ಏಟಿಗೆ ಎಳೆದಿದ್ದರೆ ಬೋರ್ಡೂ ಬರುತ್ತಿತ್ತೇನೋ.

ಈಗ ಎಕ್ಸ್‌ಪೋರ್ಟ್ ನಿಲ್ಲುವುದಿಲ್ಲ. ಕರೆಂಟ್ ಹೋದರೆ ಯುಪಿಎಸ್ ಕೂಗುತ್ತದೆ, ಕೆಲಸ ಹಾಗೇ ನಡೆಯುತ್ತದೆ. ಅದೇ ಹಳೇ ಯುಪಿಎಸ್, ಗೊತ್ತಾಯ್ತಲ್ಲ! ಫ್ಯಾನ್ ಸದ್ದು ಸೀಲಿಂಗ್ ಫ್ಯಾನಿನ ಸದ್ದಿನಲ್ಲಿ ಕೇಳಿಸುವುದೇ ಇಲ್ಲ.

ಬೇಸರ ತಂದದ್ದು ಕೇಬಲ್. ಬೇಡದ್ದನ್ನು ಬಿಚ್ಚಿಡಲು ಬರುವುದಿಲ್ಲ, ಎಲ್ಲವೂ ಡಬ್ಬಿಗೇ ಅಂಟಿಕೊಂಡಿವೆ. ನನ್ನ ಹಳೇ ಇಕ್ಕಟ್ಟಿನ ಕ್ಯಾಬಿನೆಟ್‌ನಲ್ಲಿ ಅರ್ಧ ಕೇಬಲ್ ಸುಮ್ನೆ ಮುದ್ದೆಯಾಗಿ ಕೂತಿವೆ. ಗಾಳಿಗೆ ಅಡ್ಡ, ನೋಡಲಿಕ್ಕೂ ಚಂದ ಇಲ್ಲ.

ಇನ್ನೊಂದು ವಿಷಯ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಿದ್ದದ್ದು ಹೊಸದು ಹಾಕಿದ ಮೇಲೂ ಹೋಗಲಿಲ್ಲ. ಅದು ಎಸ್‌ಎಂಪಿಎಸ್ ದೋಷ ಅಲ್ಲ, ಅರ್ಥಿಂಗ್ ಇಲ್ಲದ್ದು. ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ಸರಿ ಮಾಡಿದ ಮೇಲೇ ನಿಂತಿತು. ಸಿಡಿಲಿನ ದಿನ ಮಾತ್ರ ನಾನು ಈಗಲೂ ಪ್ಲಗ್ ಕಿತ್ತಿಡುತ್ತೇನೆ. ಐದು ವರ್ಷದ ವಾರಂಟಿ ಇದೆ ಅಂತ ಸಿಡಿಲಿಗೆ ಎದೆ ಕೊಡಲು ಆಗುತ್ತದಾ?

ಬರೀ ಟ್ಯಾಲಿ, ಬಿಲ್ಲಿಂಗ್, ಗ್ರಾಫಿಕ್ಸ್ ಕಾರ್ಡ್ ಇಲ್ಲ ಅನ್ನುವವರಿಗೆ ಇದಕ್ಕಿಂತ ಕಡಿಮೆ ಬೆಲೆಯ ಒಳ್ಳೆ ಕಂಪನಿಯದ್ದೇ ಧಾರಾಳ. ಯಾವುದೇ ಇರಲಿ, ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿಕೊಂಡು, ಒಂದು ಫೋಟೋ ಹೊಡೆದಿಡಿ. ನಮ್ಮ ಹವೆಗೆ ಬಿಲ್ಲಿನ ಅಕ್ಷರ ವಾರಂಟಿಗಿಂತ ಮೊದಲೇ ಅಳಿಸಿಹೋಗುತ್ತದೆ.