ಹೊಳೆಯುವ ಹುಳ ನೋಡಲು ಹೋಗಿ ಗುಹೆಯಲ್ಲಿ ಸಿಕ್ಕಿಕೊಂಡೆವು: ನ್ಯೂಜಿಲೆಂಡ್‌ಗೆ ಹೊರಟವರು ಒಮ್ಮೆ ಓದಿ

ಮೊದಲೇ ಹೇಳಿಬಿಡುತ್ತೇನೆ, ಯಾರ ಜೀವಕ್ಕೂ ಏನೂ ಆಗಲಿಲ್ಲ. ನಮ್ಮನೆಯವರ ಪಾದದ ಗಂಟು ಉಳುಕಿತು, ಎರಡು ಫೋನ್ ಹೋದವು, ಮೈದುನನ ಮನೆಯಲ್ಲಿ ಎರಡು ಮೂರು ದಿನ ಮಾತು ಸ್ವಲ್ಪ ಬಿಗಿಯಾಗಿತ್ತು. ಇಷ್ಟೇ ನಷ್ಟ. ಆದರೆ ಅರ್ಧ ಗಂಟೆ ತಡವಾಗಿದ್ದರೆ ಲೆಕ್ಕ ಬೇರೆಯೇ ಇರುತ್ತಿತ್ತು.

ಕಳೆದ ಜೂನ್‌ನಲ್ಲಿ ಮೂರು ವಾರಕ್ಕೆ ಆಕ್ಲೆಂಡ್‌ಗೆ ಹೋಗಿದ್ದೆವು. ಮೈದುನ ಅಲ್ಲಿ ಕೆಲಸಕ್ಕಿದ್ದಾನೆ. ಹೊಳೆಯುವ ಹುಳದ ಗುಹೆ ಅಂದರೆ ಎಲ್ಲರೂ ಹೇಳುವುದು ವೈಟೊಮೊ. ಆಕ್ಲೆಂಡ್‌ನಿಂದ ದಕ್ಷಿಣಕ್ಕೆ ಕಾರಿನಲ್ಲಿ ಎರಡೂವರೆ ಗಂಟೆ. ಟಿಕೆಟ್ ಇದೆ, ಗೈಡ್ ಇರುತ್ತಾರೆ, ದೋಣಿ ಇದೆ. ನಮ್ಮನೆಯವರಿಗೆ ಅಲ್ಲಿಗೆ ಹೋದಾಗಿನಿಂದ ಒಂದು ಚಟ ಹತ್ತಿತ್ತು. ಏನು ಕಂಡರೂ ಬೆಲೆಯನ್ನು ಐವತ್ತರಿಂದ ಗುಣಿಸುವುದು. ಅಲ್ಲಿನ ಒಂದು ಡಾಲರ್ ಅಂದರೆ ಹೆಚ್ಚು ಕಡಿಮೆ ಐವತ್ತು ರೂಪಾಯಿ, ಹಾಗಾಗಿ ಒಂದು ಕಾಫಿ ಕುಡಿಯುವ ಹೊತ್ತಿಗೂ ಲೆಕ್ಕ ನಡೆಯುತ್ತಿತ್ತು. ವೈಟೊಮೊ ಟಿಕೆಟ್ ಗುಣಿಸಿದ ಮೇಲೆ ಕೇಳಬೇಕೇ? ಅಷ್ಟರಲ್ಲಿ ಯಾರೋ ಒಂದು ರೀಲ್ ಕಳಿಸಿದರು. ಉತ್ತರಕ್ಕೆ ಎರಡು ಗಂಟೆ ದೂರ, ವೈಪು ಅಂತ ಒಂದು ಊರು. ಅಲ್ಲಿನ ಗುಹೆಗೆ ಟಿಕೆಟ್ ಇಲ್ಲ, ಕಾವಲಿಲ್ಲ, ಗೈಡ್ ಇಲ್ಲ. ಕಾರು ನಿಲ್ಲಿಸಿ ಒಳಗೆ ನಡೆದರಾಯಿತು, ತಲೆ ಮೇಲೆ ನಕ್ಷತ್ರದ ಹಾಗೆ ಹುಳಗಳು.

ಗುಹೆಯದು ಏನೂ ತಪ್ಪಿಲ್ಲ. ನೂರಾರು ಜನ ಹೋಗಿ ಬರುತ್ತಾರೆ, ಒಳ್ಳೆ ದಿನದಲ್ಲಿ ಒಳ್ಳೆ ಜಾಗ. ತಪ್ಪು ನಮ್ಮದು, ಅದರಲ್ಲೂ ಅರ್ಧ ಪಾಲು ನನ್ನದು.

ಹಿಂದಿನ ರಾತ್ರಿಯಿಡೀ ಮಳೆ ಬಂದಿತ್ತು. ಅಲ್ಲಿ ಜೂನ್ ಅಂದರೆ ಚಳಿಗಾಲ, ಆ ಕಡೆಗೆಲ್ಲ ಮಳೆ ಜಾಸ್ತಿ ಬೀಳುವುದೂ ಆಗಲೇ. ಬೆಳಿಗ್ಗೆ ಮೈದುನ ಒಮ್ಮೆ ಕಿಟಕಿ ನೋಡಿ, "ಅತ್ತಿಗೆ, ಇವತ್ತು ಬೇಡ ಅನ್ಸುತ್ತೆ" ಅಂದ. ನಾನು ನಕ್ಕುಬಿಟ್ಟೆ. ತೀರ್ಥಹಳ್ಳಿ ಕಡೆಯವಳು ನಾನು. ಆಗುಂಬೆ ಮಳೆಯಲ್ಲಿ ಕೊಡೆ ಹಿಡಿದು ಶಾಲೆಗೆ ಹೋದವಳಿಗೆ ಆ ಜಿಟಿಜಿಟಿ ಮಳೆ ಒಂದು ಮಳೆಯಾ? "ಇದಕ್ಕೆಲ್ಲ ಹೆದರಿದರೆ ನಮ್ಮೂರಲ್ಲಿ ಐದು ತಿಂಗಳು ಮನೆ ಒಳಗೇ ಇರಬೇಕಾಗುತ್ತೆ ಮಾರಾಯ" ಅಂದೆ. ಅವನು ಸುಮ್ಮನಾದ. ದೊಡ್ಡವರ ಮಾತು ಅಲ್ವಾ.

ನನ್ನ ಓರಗಿತ್ತಿಗೆ ಆ ದಿನ ಡ್ಯೂಟಿ ಇತ್ತು. ಅವಳು ಕೇಳಿದಾಗ "ಮೇಲ್ಗಡೆ ಬೀಚ್ ಕಡೆ ಹೋಗಿ ಬರ್ತೀವಿ" ಅಂದಿದ್ದೆವು. ವೈಪುವಿನಲ್ಲಿ ಬೀಚೂ ಇದೆ, ಸುಳ್ಳೇನಲ್ಲ. ಗುಹೆ ವಿಷಯ ಹೇಳಲು ಯಾರಿಗೂ ನೆನಪಾಗಲಿಲ್ಲ.

ಬಾಡಿಗೆ ಕಾರಿನಲ್ಲಿ ಹೋಗಿ ಮುಟ್ಟಿದಾಗ ಮಧ್ಯಾಹ್ನ ಎರಡೂಮುಕ್ಕಾಲು. ತುಂತುರು ಬೀಳುತ್ತಿತ್ತು. ಗುಹೆಯ ಬಾಯಿ ದೊಡ್ಡದು, ಕಲ್ಲುಬಂಡೆಗಳ ನಡುವೆ ಇಳಿದು ಒಳಗೆ ಹೋಗಬೇಕು. ಒಳಗೆ ಒಂದು ತೊರೆ ಹರಿಯುತ್ತದೆ. ನಾವು ಹೋದಾಗ ನೀರು ಪಾದ ಮುಳುಗುವಷ್ಟಿತ್ತು. ಕೆಸರು ಮಾತ್ರ ವಿಪರೀತ, ಗದ್ದೆಯಲ್ಲಿ ನಟ್ಟಿಗೆ ಇಳಿದ ಹಾಗೆ. ನಮ್ಮ ಕಾಲಲ್ಲಿ ಸ್ಪೋರ್ಟ್ಸ್ ಶೂ, ಮೈಮೇಲೆ ಜೀನ್ಸ್, ಕೈಯಲ್ಲಿ ಫೋನ್ ಟಾರ್ಚ್. ಮೂವರಿಗೆ ಮೂರು ಫೋನ್, ಬೇರೆ ಬೆಳಕಿಲ್ಲ. ಹೆಲ್ಮೆಟ್ ಅಂತೂ ತಲೆಗೇ ಹೊಳೆಯಲಿಲ್ಲ.

ಗೋಡೆಯಲ್ಲಿ ನನ್ನ ಎದೆಮಟ್ಟಕ್ಕೆ ಒಣಗಿದ ಎಲೆ, ಕಡ್ಡಿ, ಹುಲ್ಲು ಸಿಕ್ಕಿಕೊಂಡಿತ್ತು. ಟಾರ್ಚ್ ಬಿಟ್ಟು ನೋಡಿದೆ. "ಹಕ್ಕಿ ಗೂಡು ಇರಬಹುದು" ಅಂತ ಮುಂದೆ ಹೋದೆ. ನಮ್ಮೂರ ಹಳ್ಳದ ಪಕ್ಕದ ಮರದಲ್ಲಿ ಅಂಥ ಕಸ ನೇತಾಡುತ್ತಿದ್ದರೆ, ಕಳೆದ ಮಳೆಗಾಲದಲ್ಲಿ ನೀರು ಇಲ್ಲಿವರೆಗೆ ಬಂದಿತ್ತು ಅಂತ ಚಿಕ್ಕ ಮಗುವೂ ಹೇಳುತ್ತೆ. ನೆಲದ ಕೆಳಗೆ ಅದೇ ಗುರುತು ಕಂಡಾಗ ನನಗೆ ಅರ್ಥವೇ ಆಗಲಿಲ್ಲ. ಈಗಲೂ ಅದನ್ನು ನೆನೆಸಿಕೊಂಡರೆ ನಾಚಿಕೆ ಆಗುತ್ತದೆ.

ಸ್ವಲ್ಪ ಒಳಗೆ ಹೋದ ಮೇಲೆ ಟಾರ್ಚ್ ಆರಿಸಿದೆವು. ಎರಡು ನಿಮಿಷ ಏನೂ ಇಲ್ಲ, ಬರೀ ಕತ್ತಲೆ. ಆಮೇಲೆ ಒಂದೊಂದೇ ಕಾಣತೊಡಗಿತು. ನೀಲಿಯೂ ಅಲ್ಲದ ಹಸಿರೂ ಅಲ್ಲದ ಚುಕ್ಕಿಗಳು, ಚಾವಣಿ ತುಂಬ. ನಮ್ಮ ಮಿಣುಕು ಹುಳದ ಹಾಗೆ ಮಿನುಗುವುದಿಲ್ಲ, ಒಂದೇ ಸಮ ಉರಿಯುತ್ತವೆ. ಅವು ಮಿಣುಕು ಹುಳದ ನೆಂಟರೂ ಅಲ್ಲ. ಮಿಣುಕು ಹುಳ ಜೀರುಂಡೆ ಜಾತಿ, ಇದು ಸೊಳ್ಳೆಯಂಥ ಒಂದು ಸಣ್ಣ ಕೀಟದ ಮರಿ. ನ್ಯೂಜಿಲೆಂಡ್ ಬಿಟ್ಟು ಬೇರೆಲ್ಲೂ ಈ ಜಾತಿ ಇಲ್ಲ. ಚಾವಣಿಯಿಂದ ಅಂಟಂಟಾದ ಎಳೆಗಳನ್ನು ಇಳಿಬಿಟ್ಟು, ಬೆಳಕು ತೋರಿಸಿ, ಹಾರಿ ಬರುವ ಹುಳಹುಪ್ಪಟೆಯನ್ನು ಹಿಡಿದು ತಿನ್ನುತ್ತದೆ. ಹಸಿದಷ್ಟೂ ಜಾಸ್ತಿ ಹೊಳೆಯುತ್ತದಂತೆ. ಮರಿಯಾಗಿ ಸುಮಾರು ಒಂಬತ್ತು ತಿಂಗಳು ಬದುಕುತ್ತದೆ. ರೆಕ್ಕೆ ಬಂದ ಮೇಲೆ ತಿನ್ನಲು ಬಾಯಿಯೇ ಇಲ್ಲ, ಕೆಲವೇ ದಿನದಲ್ಲಿ ಮೊಟ್ಟೆ ಇಟ್ಟು ಸಾಯುತ್ತದೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ಹುಳಕ್ಕೆ ತೇವ ಬೇಕು, ಗಾಳಿ ಬೀಸಬಾರದು, ತಿನ್ನಲು ಕೀಟ ಬೇಕು. ಗುಹೆಯೊಳಗೆ ಕೀಟ ತಂದುಕೊಡುವುದು ತೊರೆ. ಹಾಗಾಗಿ ಹುಳ ಚೆನ್ನಾಗಿ ಇರುವ ಗುಹೆ ಅಂದರೆ ನೀರು ಓಡಾಡುವ ಗುಹೆ. ಅದು ಸುಣ್ಣಕಲ್ಲಿನ ನಾಡು. ಮೇಲೆ ಬಿದ್ದ ಮಳೆ ನೆಲದ ಬಿಲಗಳಿಂದ ನೇರ ಕೆಳಗಿಳಿಯುತ್ತದೆ. ಮಾವೊರಿ ಅಂದರೆ ಅಲ್ಲಿನ ಮೂಲನಿವಾಸಿಗಳು; ವೈಟೊಮೊ ಅನ್ನುವ ಅವರ ಭಾಷೆಯ ಹೆಸರಿನ ಅರ್ಥವೇ ಅದು: ವೈ ಅಂದರೆ ನೀರು, ಟೊಮೊ ಅಂದರೆ ನೆಲದ ಬಿಲ. ನಾವು ನಿಂತಿದ್ದದ್ದು ಒಂದು ದೊಡ್ಡ ಚರಂಡಿಯ ಒಳಗೆ. ಹೊರಗೆ ತುಂತುರೋ ಬಿಸಿಲೋ, ಮೇಲೆ ಗುಡ್ಡದಲ್ಲಿ ಎಷ್ಟು ಬಿದ್ದಿದೆ ಅನ್ನುವುದೇ ಲೆಕ್ಕ.

ಇನ್ನೊಂದು ವಿಷಯ ಇದೆ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಅಪಾಯ. ಈ ಹುಳ ನೋಡಬೇಕಾದರೆ ಬೆಳಕು ಆರಿಸಲೇಬೇಕು. ಬೆಳಕು ಬಿಟ್ಟರೆ, ಗಲಾಟೆ ಮಾಡಿದರೆ ಅವು ಮಂಕಾಗುತ್ತವೆ. ಕಣ್ಣು ಕತ್ತಲೆಗೆ ಒಗ್ಗಿದಷ್ಟೂ ಚಂದ ಕಾಣುತ್ತದೆ, ಇನ್ನೈದು ನಿಮಿಷ ಇರೋಣ ಅನ್ನಿಸುತ್ತದೆ. ಆ ಹೊತ್ತಿನಲ್ಲಿ ಕತ್ತು ಮೇಲಕ್ಕೆ, ನೀರು ಕೆಳಗೆ. ನೀರು ಏರುವುದು ಕಾಣುವುದಿಲ್ಲ. ಸದ್ದು ಜಾಸ್ತಿಯಾದರೂ ಗೊತ್ತಾಗುವುದಿಲ್ಲ, ಗುಹೆಯಲ್ಲಿ ಎಲ್ಲಾ ಸದ್ದೂ ಗುಂಯ್ ಅನ್ನುತ್ತಿರುತ್ತದೆ. ಮೈದುನ ಎರಡು ಸಲ "ಹೋಗೋಣ್ವಾ ಅತ್ತಿಗೆ" ಅಂದ. ಎರಡು ಸಲವೂ "ಇನ್ನೊಂದು ಸ್ವಲ್ಪ ಮುಂದೆ ನೋಡೋಣ" ಅಂದವಳು ನಾನು.

ಬೂಟಿನೊಳಗಿನ ನೀರು ಇದ್ದಕ್ಕಿದ್ದ ಹಾಗೆ ಮೊಣಕಾಲಿಗೆ ಬಂದಾಗ ಟಾರ್ಚ್ ಹಾಕಿದೆವು. ನೀರಿನ ಮೇಲೆ ನೊರೆ, ತೇಲಿಬರುತ್ತಿದ್ದ ಎಲೆ. ನಮ್ಮಜ್ಜ ಹೇಳುತ್ತಿದ್ದರು, ಹಳ್ಳದ ನೀರು ಕೆಂಪಾಯಿತು ಅಂದರೆ ಕಾಲಿಡಬೇಡಿ, ಮೇಲಿಂದ ಬರುತ್ತಾ ಇದೆ ಅಂತ. ಫೋನಿನ ಬಿಳಿ ಬೆಳಕಲ್ಲಿ ಬಣ್ಣ ಎಲ್ಲಿ ತಿಳಿಯುತ್ತದೆ? ಬಗ್ಗಿ ಬೊಗಸೆಯಲ್ಲಿ ಎತ್ತಿ ನೋಡಿದೆ. ಹಾಲು ಕಡಿಮೆ ಹಾಕಿದ ಚಹಾದ ಬಣ್ಣ.

ವಾಪಸ್ ಬರುವಾಗ ದಾಟಬೇಕಾದ ಒಂದು ಜಾಗದಲ್ಲಿ ನೀರು ತೊಡೆವರೆಗಿತ್ತು. ಹೋಗುವಾಗ ಕಲ್ಲಿಂದ ಕಲ್ಲಿಗೆ ಕಾಲಿಟ್ಟು ದಾಟಿದ್ದೆವು, ಈಗ ಆ ಕಲ್ಲುಗಳೇ ಕಾಣಲಿಲ್ಲ. ನೀರು ಕೊರೆಯುತ್ತಿತ್ತು. ನೆನೆದ ಜೀನ್ಸ್ ಕಾಲಿಗೆ ಮಣಭಾರ. ಮೈದುನ ಮುಂದೆ, ನಾನು ಅವನ ಜಾಕೆಟ್ ಹಿಡಿದು, ನಮ್ಮನೆಯವರು ಹಿಂದೆ. ನಡುವೆ ಅವರ ಕಾಲು ಎರಡು ಕಲ್ಲಿನ ಸಂದಿಗೆ ಹೋಯಿತು. ಬಿದ್ದರು. ಫೋನ್ ನೀರಿಗೆ. ಅವರನ್ನು ಹಿಡಿಯಲು ಹೋಗಿ ನನ್ನದೂ ನೀರಿಗೆ. ಉಳಿದದ್ದು ಮೈದುನನ ಫೋನು, ಅದರಲ್ಲಿ ಶೇಕಡಾ ಹನ್ನೊಂದು ಚಾರ್ಜು. ಅಷ್ಟು ಹೊತ್ತು ವಿಡಿಯೊ ತೆಗೆದಿದ್ದನಲ್ಲ. ಅಲ್ಲಿಂದ ಬಾಯಿವರೆಗೆ ಹೇಗೆ ಬಂದೆವು ಅಂತ ವಿವರಿಸಲು ಹೋಗುವುದಿಲ್ಲ. ಕೂತುಕೊಂಡು, ಕೈ ಊರಿ, ತೆವಳಿ ಬಂದೆವು, ಅಷ್ಟೇ.

ಹೊರಗೆ ಬಂದಾಗ ಜೋರು ಮಳೆ. ಜೂನ್‌ನಲ್ಲಿ ಅಲ್ಲಿ ಐದೂಕಾಲಿಗೆಲ್ಲ ಕತ್ತಲಾಗುತ್ತದೆ. ನಾವು ಕಾರಿನ ಹತ್ತಿರ ಬಂದಾಗ ಅದಕ್ಕೆ ಸ್ವಲ್ಪವೇ ಹೊತ್ತಿತ್ತು. ಕಷ್ಟ ಮುಗಿಯಿತು ಅಂದುಕೊಂಡರೆ ಕಾರೇ ತೆಗೆಯಲಿಲ್ಲ. ಬಟನ್ ಒತ್ತುವ ಕೀಲಿ ನಮ್ಮನೆಯವರ ಜೇಬಿನಲ್ಲಿ ಪೂರ್ತಿ ನೆನೆದಿತ್ತು. ಹಲ್ಲು ಕಟಕಟ ಅನ್ನುತ್ತಿದೆ, ಬಟ್ಟೆ ಬದಲಿಸಲು ಬಟ್ಟೆ ಕಾರಿನ ಒಳಗಿದೆ, ನಾವು ಹೊರಗೆ. ಅಲ್ಲೇ ವ್ಯಾನ್ ನಿಲ್ಲಿಸಿಕೊಂಡಿದ್ದ ವಯಸ್ಸಾದ ಗಂಡಹೆಂಡತಿ ನೋಡಿ ಕಂಬಳಿ ಕೊಟ್ಟರು, ಬಿಸಿನೀರು ಕೊಟ್ಟರು. ಆ ಅಜ್ಜ ಕೀಲಿ ಇಸಿದುಕೊಂಡು ಪಕ್ಕದ ಸಣ್ಣ ಗುಂಡಿ ಒತ್ತಿದರು. ಒಳಗಿಂದ ಒಂದು ಮಾಮೂಲಿ ಕಬ್ಬಿಣದ ಕೀಲಿ ಹೊರಗೆ ಬಂತು! ಬಾಗಿಲು ತೆಗೆದು, ನೆನೆದ ಕೀಲಿಯನ್ನೇ ಸ್ಟಾರ್ಟ್ ಬಟನ್‌ಗೆ ಒತ್ತಿ ಹಿಡಿದರು, ಗಾಡಿ ಶುರುವಾಯಿತು. ಬಾಡಿಗೆ ಕಾರು ತೆಗೆದುಕೊಳ್ಳುವವರು ಇದನ್ನು ಕೌಂಟರ್‌ನಲ್ಲೇ ಕೇಳಿ ತಿಳಿದುಕೊಳ್ಳಿ.

ಅವರು ಇನ್ನೊಂದು ಮಾತು ಹೇಳಿದರು, ಆಮೇಲೆ ಮನೆಗೆ ಬಂದು ಓದಿ ನೋಡಿದೆವು. ಅಲ್ಲಿಂದ ಸುಮಾರು ನಲವತ್ತು ಕಿಲೋಮೀಟರ್ ದೂರದ ವಾಂಗರೇ ಊರಲ್ಲಿ ಅಬ್ಬಿ ಗುಹೆಗಳು ಅಂತ ಇವೆ. ಅಲ್ಲೂ ಇದೇ ಹುಳ, ಅಲ್ಲೂ ಟಿಕೆಟ್ ಇರಲಿಲ್ಲ. 2023ರ ಮೇ ತಿಂಗಳಲ್ಲಿ, ಜೋರು ಮಳೆಯ ಎಚ್ಚರಿಕೆ ಇದ್ದ ದಿನ, ಶಾಲೆಯ ಮಕ್ಕಳ ಒಂದು ಗುಂಪು ಒಳಗೆ ಹೋಗಿತ್ತು. ನೀರು ಏರಿತು. ಹದಿನೈದು ವರ್ಷದ ಒಬ್ಬ ಹುಡುಗ ತೀರಿಕೊಂಡ.

ಮನೆಗೆ ಬಂದಾಗ ರಾತ್ರಿ ಎಂಟೂವರೆ. ಓರಗಿತ್ತಿ ಮೂರೂ ಫೋನಿಗೆ ಮಾಡಿ ಮಾಡಿ ಸಾಕಾಗಿ, ಬೀಚಿನ ಅಲೆಯಲ್ಲಿ ಏನಾದರೂ ಆಯಿತೋ ಅಂತ ಪೊಲೀಸರಿಗೆ ಫೋನ್ ಮಾಡುವುದರಲ್ಲಿದ್ದಳು. ನಮ್ಮ ಅವತಾರ ನೋಡಿ ಮೊದಲು ಅತ್ತಳು. ಆಮೇಲೆ ಬರೀ ಒಂದು ಮಾತು: "ಅಕ್ಕ, ನೀವು ಬೀಚ್ ಅಂದಿದ್ರಿ." ಅಲ್ಲಿ ತುರ್ತಿಗೆ ನಂಬರ್ 111. ಅವಳು ಮಾಡಿದ್ದರೆ ಪೊಲೀಸರು ಸಮುದ್ರದ ದಡದಲ್ಲಿ ಹುಡುಕುತ್ತಿದ್ದರು, ನಾವು ನೆಲದ ಕೆಳಗೆ ಇರುತ್ತಿದ್ದೆವು.

ಹೊರಡುವ ಮುಂಚಿನ ವಾರ ವೈಟೊಮೊಗೂ ಹೋದೆವು. ನಮ್ಮನೆಯವರು ಕುಂಟಿಕೊಂಡೇ ಬಂದರು, ಗುಣಿಸಲಿಲ್ಲ. 1887ರಲ್ಲಿ ಟಾನೆ ಟಿನೊರೌ ಅನ್ನುವ ಮಾವೊರಿ ಮುಖಂಡರೂ ಫ್ರೆಡ್ ಮೇಸ್ ಅನ್ನುವ ಸರ್ವೇಯರೂ ನಾರುಗಿಡದ ದಂಟಿನ ತೆಪ್ಪ ಕಟ್ಟಿ, ಮೇಣದಬತ್ತಿ ಹಿಡಿದು ಒಳಗೆ ಹೋದ ಜಾಗ ಅದು. ಈಗ ಗೈಡ್ ತಲೆ ಮೇಲಿನ ಹಗ್ಗ ಹಿಡಿದು ದೋಣಿಯನ್ನು ಸದ್ದಿಲ್ಲದೆ ಎಳೆಯುತ್ತಾರೆ. ಫೋಟೊ ತೆಗೆಯುವ ಹಾಗಿಲ್ಲ. ನೀರು ಜಾಸ್ತಿಯಾದ ದಿನ ದೋಣಿ ಬಿಡುವುದಿಲ್ಲ. ಆ ಟಿಕೆಟ್ ದುಡ್ಡು ಯಾವುದಕ್ಕೆ ಅಂತ ನನಗೆ ಅರ್ಥವಾದದ್ದು ಆಗ. ನಾವು ಕತ್ತು ಎತ್ತಿ ಕೂತಿರುವಾಗ ನಮ್ಮ ಪರವಾಗಿ ನೀರು ನೋಡಲು ಒಬ್ಬರಿದ್ದಾರೆ.

ಅಷ್ಟು ದುಡ್ಡು ಆಗುವುದಿಲ್ಲ ಅನ್ನುವವರಿಗೆ ದಾರಿ ಇದೆ. ವೈಟೊಮೊ ಹತ್ತಿರವೇ ರುವಾಕುರಿ ಅಂತ ಒಂದು ಕಾಡುದಾರಿ, ನಡೆಯಲು ದುಡ್ಡಿಲ್ಲ. ಕತ್ತಲಾದ ಮೇಲೆ ಹೋದರೆ ದಾರಿ ಪಕ್ಕದ ದರೆಯಲ್ಲೇ ಇವೇ ಹುಳ ಹೊಳೆಯುತ್ತಿರುತ್ತವೆ, ಗುಹೆಯೊಳಗೆ ನುಗ್ಗಬೇಕಾಗಿಲ್ಲ. ಇಲ್ಲ, ಟಿಕೆಟ್ ಇಲ್ಲದ ಗುಹೆಗೇ ಹೋಗುತ್ತೇವೆ ಅಂದರೆ, ಹಿಂದಿನ ಎರಡು ದಿನ ಮಳೆ ಬಿದ್ದಿರಬಾರದು, ಆ ದಿನ ಮಳೆಯ ಸೂಚನೆಯೂ ಇರಬಾರದು. ಗುಹೆ ಇಳಿಯುವವರು ತಲೆಗೊಂದು ಹೆಲ್ಮೆಟ್, ಒಬ್ಬೊಬ್ಬರಿಗೆ ಮೂರು ಮೂರು ಬೆಳಕು ಇಟ್ಟುಕೊಳ್ಳುತ್ತಾರೆ, ಫೋನನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಜೀನ್ಸ್ ಬೇಡ, ಉಣ್ಣೆ ಬಟ್ಟೆ ಹಾಕಿ. ಒಬ್ಬರು ಬೆಳಕು ಆರಿಸದೆ ನೀರಿನ ಕಡೆಗೇ ನೋಡುತ್ತಿರಲಿ, ಆಮೇಲೆ ಸರದಿ ಬದಲಿಸಿ. ಯಾವ ಗುಹೆ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಇರುವವರಿಗೆ ಹೇಳಿ ಹೋಗಿ.

ಕೊನೆಗೆ ದುಡ್ಡಿನ ವಿಷಯ. ನ್ಯೂಜಿಲೆಂಡ್‌ನಲ್ಲಿ ಎಸಿಸಿ ಅನ್ನುವ ಸರ್ಕಾರಿ ವ್ಯವಸ್ಥೆ ಇದೆ. ಅಲ್ಲಿ ಅಪಘಾತವಾಗಿ ಗಾಯವಾದರೆ ಪ್ರವಾಸಿಗರ ಚಿಕಿತ್ಸೆಗೂ ಸಹಾಯ ಮಾಡುತ್ತದೆ. ನಮ್ಮನೆಯವರ ಕಾಲಿನ ಖರ್ಚಿನಲ್ಲಿ ಜಾಸ್ತಿ ಪಾಲು ಅದರಿಂದಲೇ ಹೋಯಿತು, ಡಾಕ್ಟರಿಗೆ ಸ್ವಲ್ಪ ನಾವು ಕೊಟ್ಟೆವು. ಆದರೆ ಫೋನು, ಹಾಳಾದ ಕೀಲಿ, ಮುಂದಕ್ಕೆ ಹಾಕಿದ ಟಿಕೆಟ್ಟು ಅದಕ್ಕೆ ಸೇರುವುದಿಲ್ಲ. ಅದಕ್ಕೆ ಅಂತಲೇ ಇಲ್ಲಿಂದ ಹೊರಡುವಾಗ ಪ್ರವಾಸದ ವಿಮೆ ಮಾಡಿಸಿದ್ದೆವು. ಕಂಪನಿಯವರು ಎರಡು ತಿಂಗಳು ಓಡಾಡಿಸಿ, ಗೈಡ್ ಇಲ್ಲದೆ ಗುಹೆಗೆ ಇಳಿಯುವುದು ಸಾಹಸ ಚಟುವಟಿಕೆ, ನಮ್ಮ ಪಾಲಿಸಿಯಲ್ಲಿ ಬರುವುದಿಲ್ಲ ಅಂತ ಕಾಗದ ಕಳಿಸಿದರು. ತೆಗೆದು ನೋಡಿದರೆ ಹೌದು, ಪಟ್ಟಿಯಲ್ಲಿ ಇದೆ. ಬಂಗೀ ಜಂಪಿಂಗ್ ಆದಮೇಲೆ, ಸ್ಕೂಬಾ ಡೈವಿಂಗ್‌ಗಿಂತ ಮುಂಚೆ, ಸಣ್ಣಕ್ಷರದಲ್ಲಿ. ನಿಮ್ಮ ಪಾಲಿಸಿಯಲ್ಲಿ ಆ ಪುಟ ಎಲ್ಲಿದೆ ಅಂತ ದುಡ್ಡು ಕಟ್ಟುವ ಮೊದಲೇ ಹುಡುಕಿ.